ಆಮೆಗೊಂದಿಷ್ಟು ಬಿಸಿಲು

ಹೈದರಾಬಾದಿನ ಕಾಚಿಗುಡದಲ್ಲಿರುವ ನಮ್ಮ ಸೋದರತ್ತೆಯ ಮನೆಯ ಬಾಲ್ಕನಿಗೆ ಬೆಳಿಗ್ಗೆ ಎಂಟಕ್ಕೆ ಬಿಸಿಲು ಬೀಳುತ್ತದೆ. ಹತ್ತೂವರೆಯ ಹೊತ್ತಿಗೆ ಸೂರ್ಯ ತಾರಸಿಯ ಮೇಲೇರಿ, ಬಾಲ್ಕನಿ ಮತ್ತೆ ನೆರಳಾಗುತ್ತದೆ. ಈ ಎರಡೂವರೆ ಗಂಟೆಯನ್ನು ಅತ್ತೆ ಯಾರಿಗೂ ಬಿಟ್ಟುಕೊಡುವುದಿಲ್ಲ. ಹಪ್ಪಳ, ಶಾವಿಗೆ, ತೊಳೆದ ಬಟ್ಟೆ ಎಲ್ಲಕ್ಕೂ ತಾರಸಿಯೇ ಗತಿ. ಬಾಲ್ಕನಿಯ ಬಿಸಿಲು ಆಮೆಯದು.

ಮಕ್ಕಳಿಗೆ ಸ್ನಾನ ಮಾಡಿಸುವಂಥ ದೊಡ್ಡ ನೀಲಿ ಟಬ್. ಅದರಲ್ಲಿ ಅರ್ಧ ನೀರು. ಒಂದು ಮೂಲೆಯಲ್ಲಿ ಇಟ್ಟಿಗೆಗಳ ಮೇಲೆ ಓರೆಯಾಗಿ ಕೂರಿಸಿದ ಶಹಾಬಾದ್ ಕಲ್ಲಿನ ತುಂಡು. ಬಿಸಿಲು ಕಲ್ಲಿಗೆ ತಾಗಿ ಹತ್ತು ನಿಮಿಷವಾಗುತ್ತಲೇ ನೀರು ಅಲುಗುತ್ತದೆ. ಮೊದಲು ಮೂಗಿನ ಎರಡು ಹೊಳ್ಳೆ, ಆಮೇಲೆ ಹಸಿರು ಗೆರೆಗಳ ತಲೆ, ಕಣ್ಣಿನ ಹಿಂದೆ ಕುಂಕುಮ ಎಳೆದಂತೆ ಒಂದು ಕೆಂಪು ಪಟ್ಟೆ. ಉಗುರು ಕಲ್ಲಿಗೆ ಕೆರೆಯುವ ಸದ್ದು. ಒಮ್ಮೆ ಜಾರಿ, ಎರಡನೇ ಸಲಕ್ಕೆ ಮೇಲೇರಿ ಕೂರುತ್ತದೆ. ಕುತ್ತಿಗೆಯನ್ನು ಪೂರ್ತಿ ಹೊರಚಾಚಿ, ಹಿಂಗಾಲು ಎರಡನ್ನೂ ಹಿಂದಕ್ಕೆ ನೀಡಿ, ಬೆರಳ ನಡುವಿನ ತೊಗಲನ್ನು ಬೀಸಣಿಗೆಯಂತೆ ಬಿಡಿಸಿ ಕಣ್ಣು ಮುಚ್ಚುತ್ತದೆ. ಚಿಪ್ಪಿನ ಮೇಲಿನ ನೀರು ಆರುತ್ತಾ ಬಂದು, ಅಂಚಿನಲ್ಲಿ ಒಂದು ಹನಿ ಮಾತ್ರ ಉಳಿದು, ಅದೂ ಬೀಳುತ್ತದೆ. ಮೈಯೆಲ್ಲ ಬಿಸಿಲಿಗೆ ಒಪ್ಪಿಸಿಕೊಂಡ ಆ ಭಂಗಿಯನ್ನು ನೋಡಿದ ಮೇಲೆ, ಈ ಪ್ರಾಣಿಗೆ ಏನು ಬೇಕು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನಮಗೆ ಅದು ಗೊತ್ತಾಗಲು ಒಂದು ವರ್ಷವೇ ಬೇಕಾಯಿತು.

ಆರು ವರ್ಷದ ಹಿಂದೆ ಮೊಮ್ಮಗನ ಹುಟ್ಟುಹಬ್ಬಕ್ಕೆ ಅದನ್ನು ತಂದಾಗ ಬಾಟಲಿಯ ಮುಚ್ಚಳಕ್ಕಿಂತ ಸ್ವಲ್ಪ ದೊಡ್ಡದಿತ್ತು. ಅಂಗಡಿಯವರು ಅದನ್ನು ‘ಲಕ್ಕಿ ಟರ್ಟಲ್’ ಎಂದು ಮಾರಿದ್ದರು. ಮನೆಗೆ ಅದೃಷ್ಟ, ವ್ಯಾಪಾರಕ್ಕೆ ಲಾಭ, ದಿನಕ್ಕೆ ನಾಲ್ಕು ಕಾಳು ಹಾಕಿದರೆ ಮುಗಿಯಿತು ಎಂದಿದ್ದರು. ಅತ್ತೆ ಮಾತ್ರ ರಾಯಚೂರಿನಲ್ಲಿದ್ದ ತಮ್ಮ ಅಜ್ಜಿಯ ಮಾತು ನೆನೆದು ಹಿಂದೆಮುಂದೆ ನೋಡಿದ್ದರು. ನಿಜಾಮರ ಸೀಮೆಯಲ್ಲಿ ಸಾಲದ ಜಪ್ತಿಗೆ ಬರುತ್ತಿದ್ದವನು ಅಮೀನ. ‘ಅಮೀನ ಹೊಕ್ಕ ಮನಿ, ಆಮಿ ಹೊಕ್ಕ ಮನಿ ಉದ್ಧಾರ ಆಗಂಗಿಲ್ಲ’ ಎಂದು ಹಿರಿಯರು ಹೇಳುತ್ತಿದ್ದರಂತೆ. ಹಿಂದಿನವರಿಗೆ ಅಪಶಕುನ, ಇಂದಿನವರಿಗೆ ಅದೃಷ್ಟ. ಎರಡರಲ್ಲೂ ಆಮೆಯ ಹಸಿವು, ಆಮೆಯ ಬಿಸಿಲು ಯಾರ ಲೆಕ್ಕದಲ್ಲೂ ಇರಲಿಲ್ಲ.

ಟಿ.ವಿ. ಪಕ್ಕದ ಗಾಜಿನ ಬೋಗುಣಿಯಲ್ಲಿ ಅದು ಆ ವರ್ಷವನ್ನು ಕಳೆಯಿತು. ಕೂಗಲಿಲ್ಲ, ಕಚ್ಚಲಿಲ್ಲ, ಬಾಲ ಅಲ್ಲಾಡಿಸಿ ಕರೆಯಲಿಲ್ಲ. ‘ಎಷ್ಟು ಸಾಧು ನೋಡು’ ಎಂದುಕೊಂಡೆವು. ಒಂದು ದಿನ ಕಣ್ಣಿನ ರೆಪ್ಪೆ ಕಡಲೆಕಾಳಿನಂತೆ ಊದಿಕೊಂಡಿತ್ತು. ಚಿಪ್ಪನ್ನು ಮುಟ್ಟಿದರೆ ನೆನೆದ ರಟ್ಟಿನಂತೆ ಮೆತ್ತಗೆ ಒತ್ತಿತು. ಆಗ ಸಿಕ್ಕ ಪಶುವೈದ್ಯರೊಬ್ಬರು ಅದನ್ನು ಅಂಗೈಯಲ್ಲಿ ಮಗುಚಿ ನೋಡಿ ಕೇಳಿದ ಮೊದಲ ಪ್ರಶ್ನೆ: ‘ಇದು ಬಿಸಿಲು ಕಂಡು ಎಷ್ಟು ದಿನವಾಯಿತು?’

‘ಕಿಟಕಿ ಹತ್ರಾನೇ ಇಟ್ಟೀವಲ್ರೀ ಡಾಕ್ಟ್ರೇ’ ಎಂದರು ಅತ್ತೆ.

ವೈದ್ಯರು ಸಮಾಧಾನದಿಂದ ತಿಳಿಸಿ ಹೇಳಿದರು. ಗಾಜಿನೊಳಗಿಂದ ಬರುವುದು ಬೆಳಕು ಮಾತ್ರ. ಬಿಸಿಲಿನ ಯುವಿ-ಬಿ ಕಿರಣವನ್ನು ಗಾಜು ತಡೆಯುತ್ತದೆ. ಆ ಕಿರಣ ಮೈಗೆ ತಾಗಿದರೆ ಡಿ3 ಜೀವಸತ್ವ ಹುಟ್ಟುತ್ತದೆ. ಅದಿದ್ದರೆ ತಿಂದ ಸುಣ್ಣದಂಶ ಮೂಳೆಗೆ ಹತ್ತುತ್ತದೆ. ಇಲ್ಲದಿದ್ದರೆ ದೇಹ ಬದುಕಲು ತನ್ನ ಮೂಳೆ, ಚಿಪ್ಪುಗಳಿಂದಲೇ ಸುಣ್ಣವನ್ನು ಕಿತ್ತುಕೊಳ್ಳುತ್ತದೆ. ಊದಿದ ಕಣ್ಣು ‘ಎ’ ಜೀವಸತ್ವದ ಕೊರತೆ. ಬರೀ ಒಣ ಕಾಳು ತಿಂದು ಬದುಕುವ ಪ್ರಾಣಿ ಇದಲ್ಲ. ಸೊಪ್ಪು ಬೇಕು, ಹುಳು ಬೇಕು, ಈಜಲು ನೀರು ಬೇಕು, ಏರಿ ಮೈ ಒಣಗಿಸಿಕೊಳ್ಳಲು ಕಲ್ಲು ಬೇಕು. ಅತ್ತೆ ಗ್ರಂಥಿಗೆ ಅಂಗಡಿಯಿಂದ ಸಮುದ್ರನೊರೆ ತಂದು ನೀರಿಗೆ ಹಾಕಿದರು. ಕಪ್ಪೆಬೊಂಡಾಸ ಎಂಬ ಕಡಲ ಜೀವಿಯ ಒಳಚಿಪ್ಪು ಅದು, ಬಹುಪಾಲು ಸುಣ್ಣವೇ. ಅಂದಿನಿಂದ ಬಾಲ್ಕನಿ ಆಮೆಯದಾಯಿತು. ಈಗ ಅದು ತಿಂಡಿ ತಟ್ಟೆಯಷ್ಟು ಅಗಲವಾಗಿದೆ.

ಈ ಆಮೆ ನಮ್ಮ ನೆಲದ್ದಲ್ಲ. ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆಯಿಂದ ಮೆಕ್ಸಿಕೊದ ಈಶಾನ್ಯದವರೆಗೆ ಇದರ ತವರು. ಹೆಸರು ರೆಡ್ ಇಯರ್ಡ್ ಸ್ಲೈಡರ್. ಕೋಟಿಗಟ್ಟಲೆ ಮರಿಗಳು ಅಲ್ಲಿನ ಸಾಕಣೆ ಕೊಳಗಳಿಂದ ಜಗತ್ತಿಗೆಲ್ಲ ಹೋಗಿವೆ. ಇದರ ಮೈಯಲ್ಲಿ ಸಾಲ್ಮೊನೆಲ್ಲ ಎಂಬ ರೋಗಾಣು ಇರಬಹುದಾದ್ದರಿಂದ, ಮಕ್ಕಳು ಬಾಯಿಗೆ ಹಾಕಿಕೊಂಡಾರೆಂದು ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆ ಮಾರುವುದನ್ನು ಅಮೆರಿಕ 1975ರಲ್ಲೇ ನಿಷೇಧಿಸಿತು. ನಮ್ಮಲ್ಲಿ ಮಾರಾಟವಾಗುವುದು ಅಷ್ಟು ಚಿಕ್ಕವೇ. ಅತ್ತೆ ಆಮೆ ಮುಟ್ಟಿದ ಮೇಲೆ ಮೊಮ್ಮಗನ ಕೈಗೆ ಎರಡು ಸಲ ಸೋಪು ಹಚ್ಚಿಸುತ್ತಾರೆ.

ಕೆಲವರ ಮನೆಯಲ್ಲಿ ಆಮೆ ತಟ್ಟೆಯಷ್ಟಾದ ದಿನ ಬೇಸರ ಶುರುವಾಗುತ್ತದೆ. ಒಂದು ಸಂಜೆ ಚೀಲದಲ್ಲಿ ಹಾಕಿಕೊಂಡು ಹೋಗಿ ಹತ್ತಿರದ ಕೆರೆಗೆ ಬಿಟ್ಟು, ಪುಣ್ಯ ಮಾಡಿದೆವೆಂದು ಕೈಮುಗಿದು ಬರುತ್ತಾರೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆ ಇರುವುದು ಇಂಥ ಪುಣ್ಯದಿಂದಲೇ. ಅದು ಬಲಿಷ್ಠ, ಹೊಟ್ಟೆಬಾಕ, ಹೆಚ್ಚು ಮೊಟ್ಟೆಯಿಡುವ ಜಾತಿ. ನಮ್ಮ ಕೆರೆಗಳ ಹೂಳಿನಲ್ಲಿ ತಲೆಮಾರುಗಳಿಂದ ಬದುಕಿರುವ ದೇಶೀ ಆಮೆಗಳ ಬಿಸಿಲುಗಲ್ಲನ್ನೂ ಆಹಾರವನ್ನೂ ಅದು ಕಿತ್ತುಕೊಳ್ಳುತ್ತದೆ.

ನಮ್ಮದೇ ಆಮೆಯ ಮಾತು ಬಂತು. ಆಂಧ್ರದ ಗಡಿಯಲ್ಲಿ ಕನ್ನಡ ಇನ್ನೂ ಮನೆಮಾತಾಗಿರುವ ಮಡಕಶಿರಾ ಕಡೆಯ ಕುರುಚಲು ಗುಡ್ಡದಲ್ಲಿ, ಮುಂಗಾರಿನ ಮೊದಲ ಮಳೆ ಬಿದ್ದ ಮಾರನೆಯ ದಿನ ನಾನೊಮ್ಮೆ ನಕ್ಷತ್ರ ಆಮೆಯನ್ನು ಕಂಡಿದ್ದೆ. ಮೊದಲು ಕಂಡದ್ದು ಆಮೆಯಲ್ಲ, ಅಲುಗುವ ಹುಲ್ಲು. ಕಪ್ಪು ಚಿಪ್ಪಿನ ಒಂದೊಂದು ದಿಬ್ಬದ ತುದಿಯಿಂದ ಹಳದಿ ಗೆರೆಗಳು ಕಿರಣದಂತೆ ಇಳಿದಿದ್ದವು. ಅಂಗಡಿಯ ಗಾಜಿನಲ್ಲಿ ಆಭರಣದಂತೆ ಕಾಣುವ ಅದೇ ಚಿಪ್ಪು, ಒಣಹುಲ್ಲಿನ ನೆರಳು ಬಿಸಿಲಿನಲ್ಲಿ ಪೂರ್ತಿ ಕರಗಿಹೋಗಿತ್ತು. ಬಗ್ಗಿದೆ. ‘ಹುಸ್’ ಎಂದು ಶ್ವಾಸಕೋಶದ ಗಾಳಿಯನ್ನೆಲ್ಲ ಹೊರಬಿಟ್ಟು ತಲೆ ಒಳಗೆಳೆದುಕೊಂಡಿತು. ಬಾಯಂಚಿನಲ್ಲಿ ಕಚ್ಚಿದ ಹಸಿರು ಎಲೆಯ ಚೂರು ಹಾಗೇ ಇತ್ತು. ಕಾಲು ಗಂಟೆ ದೂರ ಕೂತು ಕಾದ ಮೇಲೆ, ಆ ಚೂರನ್ನು ಅಗಿಯುತ್ತಾ ಜಾಲಿಯ ಬುಡಕ್ಕೆ ನಡೆಯಿತು. ಅದರ ಬದುಕೆಲ್ಲ ಮಳೆಯ ಲೆಕ್ಕದಲ್ಲಿ ನಡೆಯುತ್ತದೆ. ಮೇವು, ಕೂಡುವುದು, ಮೊಟ್ಟೆ ಎಲ್ಲಕ್ಕೂ ಮೋಡವೇ ಪಂಚಾಂಗ.

ಕೋಲಾರ, ಅನಂತಪುರ, ಚಿತ್ತೂರಿನ ಇಂಥ ಗುಡ್ಡಗಳಿಂದ ಆರಿಸಿದ ನಕ್ಷತ್ರ ಆಮೆಗಳು ಚೀಲ, ಸೂಟ್‌ಕೇಸುಗಳಲ್ಲಿ ಚೆನ್ನೈ, ಬೆಂಗಳೂರು, ಹೈದರಾಬಾದಿನ ಮನೆಗಳಿಗೂ ಹೊರದೇಶಗಳಿಗೂ ಸಾಗುತ್ತಾ ಬಂದಿವೆ. ಹಾಗೆ ಹೋಗಿ ಸಿಂಗಪುರದಲ್ಲಿ ವಶವಾದ 51 ಆಮೆಗಳನ್ನು 2018ರ ನವೆಂಬರಿನಲ್ಲಿ ಬೆಂಗಳೂರಿಗೆ ಮರಳಿ ತಂದರು. ಅಲ್ಲಿನ ಏಕರ್ಸ್ ಸಂಸ್ಥೆ, ಇಲ್ಲಿನ ವೈಲ್ಡ್‌ಲೈಫ್ ಎಸ್‌ಒಎಸ್, ಕರ್ನಾಟಕದ ಅರಣ್ಯ ಇಲಾಖೆ ಕೈಜೋಡಿಸಿದ ಕೆಲಸವದು. ಒಂದು ಗುಡ್ಡದ ಆಮೆಯನ್ನು ಎತ್ತಲು ಒಂದು ಕೈ ಸಾಕು. ಮರಳಿಸಲು ಎರಡು ದೇಶಗಳು ಕೂಡಬೇಕಾಯಿತು. ಮರು ವರ್ಷವೇ ಈ ಆಮೆಯನ್ನು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ ಸೇರಿಸಿದರು. ನಮ್ಮ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯಲ್ಲಿ ಅದು ಹುಲಿಯ ಜೊತೆಗೆ ಮೊದಲ ಅನುಸೂಚಿಯಲ್ಲಿದೆ. ಮನೆಯಲ್ಲಿಟ್ಟುಕೊಂಡರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ.

ಕಾಚಿಗುಡದಿಂದ ಕೊಂಡಾಪುರ ಒಂದೇ ಊರಿನ ಇನ್ನೊಂದು ಲೋಕ. ಅಲ್ಲಿ ಹನ್ನೊಂದನೇ ಅಂತಸ್ತಿನ ಫ್ಲಾಟಿನಲ್ಲಿ ಸಾಫ್ಟ್‌ವೇರ್ ಕೆಲಸದ ನನ್ನ ಗೆಳೆಯನೊಬ್ಬ ಬಾಲ್ ಪೈಥಾನ್ ಸಾಕಿದ್ದಾನೆ. ಪಶ್ಚಿಮ ಆಫ್ರಿಕದ ಹೆಬ್ಬಾವಿನ ಜಾತಿ. ಹೆದರಿದರೆ ತಲೆಯನ್ನು ನಡುವಿಗಿಟ್ಟು ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಆ ಹೆಸರು. ನಾನು ಹೋದ ದಿನ ಅದರ ಕಣ್ಣು ಹಾಲು ನೀಲಿಯಾಗಿತ್ತು. ‘ಪೊರೆ ಬಿಡೋ ಹೊತ್ತು, ಇವತ್ತು ಮುಟ್ಟೋದು ಬೇಡ’ ಎಂದ. ಕಣ್ಣಿನ ಮೇಲೂ ಪೊರೆಯಿರುವುದರಿಂದ ಆ ದಿನಗಳಲ್ಲಿ ಹಾವಿಗೆ ಸರಿಯಾಗಿ ಕಾಣದು, ಬೇಗ ಬೆದರುತ್ತದೆ. ಪೆಟ್ಟಿಗೆಯ ಒಂದು ತುದಿ 32 ಡಿಗ್ರಿ, ಇನ್ನೊಂದು ತುದಿ 26 ಡಿಗ್ರಿ. ಬಿಸಿ ಬೇಕಾದಾಗ ಇತ್ತ, ತಂಪು ಬೇಕಾದಾಗ ಅತ್ತ ಹಾವೇ ಸರಿದುಕೊಳ್ಳುತ್ತದೆ. ನಮ್ಮ ಮೈ ಒಳಗಿನಿಂದ ಶಾಖ ಮಾಡಿಕೊಳ್ಳುತ್ತದೆ. ಹಾವು, ಆಮೆ, ಹಲ್ಲಿಗಳು ಅದನ್ನು ಜಾಗದಿಂದ ಪಡೆಯಬೇಕು. ತಿಂದದ್ದು ಅರಗುವುದಕ್ಕೂ ರೋಗ ತಡೆಯುವುದಕ್ಕೂ ಆ ಶಾಖವೇ ಆಧಾರ.

ಮೇ ತಿಂಗಳಲ್ಲಿ ಹೈದರಾಬಾದಿನ ಬಿಸಿಲು 42 ಡಿಗ್ರಿ ಮುಟ್ಟಿದಾಗ ಗೆಳೆಯ ಊರಿಗೂ ಹೋಗುವುದಿಲ್ಲ. ಕರೆಂಟು ಹೋದರೆ, ಇನ್ವರ್ಟರ್ ಕೈಕೊಟ್ಟರೆ, ಎ.ಸಿ. ನಿಂತರೆ ಎಂಬ ಚಿಂತೆ. ಫ್ರೀಜರಿನಲ್ಲಿ ಹಾವಿನ ಇಲಿಗೆ ಬೇರೆ ಡಬ್ಬಿ. ಗೋಡೆಯ ಮೇಲೆ ತಾಪ, ತೇವ ತೋರಿಸುವ ಎರಡು ಮೀಟರ್. ‘ನೀನು ಹಾವು ಸಾಕಿಲ್ಲ ಕಣೋ, ಘಾನಾ ದೇಶದ ಹವಾಮಾನ ಸಾಕ್ತಿದೀಯ’ ಎಂದೆ. ಅವನು ಹೌದೆಂದು ತಲೆಯಾಡಿಸಿದ. ಈ ಪ್ರಾಣಿಗಳ ವಿಷಯದಲ್ಲಿ ನಾನು ಕಂಡುಕೊಂಡ ಸತ್ಯ ಇದೇ: ಇವನ್ನು ಸಾಕುವುದೆಂದರೆ ಇವುಗಳ ಊರನ್ನು ಸಾಕುವುದು. ನಾಯಿಗೆ ಮನೆಯವರು ಬೇಕು. ಆಮೆಗೆ, ಹಾವಿಗೆ, ಕಪ್ಪೆಗೆ ಮಣ್ಣು, ನೀರು, ಬಿಸಿಲು, ಮಳೆ ಬೇಕು. ನಮ್ಮ ಪ್ರೀತಿ ಎಷ್ಟೇ ಇದ್ದರೂ ಅದರಿಂದ ಒಂದು ಡಿಗ್ರಿ ಶಾಖವೂ ಹುಟ್ಟುವುದಿಲ್ಲ.

ಅವನ ಬಳಿ ಕಾಗದಪತ್ರ ಸರಿಯಾಗಿದೆ. ಸೈಟಿಸ್ ಪಟ್ಟಿಯ ಬಾಲ್ ಪೈಥಾನ್, ಹಸಿರು ಇಗ್ವಾನಾದಂಥ ವಿದೇಶಿ ಪ್ರಾಣಿ ಸಾಕಿದವರು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕೆಂಬ ನಿಯಮ 2024ರ ಫೆಬ್ರುವರಿ 28ರಂದು ಹೊರಬಂತು; ಇಟ್ಟುಕೊಂಡಿದ್ದವರಿಗೆ ಆರು ತಿಂಗಳ ಗಡುವಿತ್ತು. ಮರಿಯಾದರೆ, ಸತ್ತರೆ, ಬೇರೆಯವರಿಗೆ ಕೊಟ್ಟರೆ ತಿಳಿಸಬೇಕು. ಇಂಥ ನಿಯಮ ಏಕೆ ಬೇಕಾಯಿತೆಂಬುದಕ್ಕೆ ಬೆಂಗಳೂರಿನ ವಿಮಾನ ನಿಲ್ದಾಣವೇ ಸಾಕ್ಷಿ. 2023ರ ಆಗಸ್ಟಿನಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನ ಪೆಟ್ಟಿಗೆಗಳಲ್ಲಿ 234 ಪ್ರಾಣಿಗಳು ಸಿಕ್ಕವು: ಹೆಬ್ಬಾವು, ಇಗ್ವಾನಾ, ಗೋಸುಂಬೆ, ಆಮೆ, ಮೊಸಳೆ ಜಾತಿಯ ಮರಿಗಳು. ಉಸಿರುಕಟ್ಟಿ ಸತ್ತ ಕಾಂಗರೂ ಮರಿಯೂ ಒಂದು. 2024ರ ಏಪ್ರಿಲಿನಲ್ಲಿ ಅದೇ ನಿಲ್ದಾಣದಲ್ಲಿ ಮತ್ತೊಬ್ಬನ ಲಗೇಜಿನಿಂದ ಹತ್ತು ಹಳದಿ ಅನಕೊಂಡಗಳು ಹೊರಬಂದವು. ಮೊಬೈಲ್ ಪರದೆಯ ಮೇಲೆ ಮುದ್ದಾಗಿ ಕಾಣುವ ಮರಿಯ ಹಿಂದೆ ಇಂಥದೊಂದು ಪೆಟ್ಟಿಗೆ ಇದ್ದೀತು. ಕೊಳ್ಳುವವನ ಆಸೆ ಆ ಪೆಟ್ಟಿಗೆಗೆ ಟಿಕೆಟ್ಟು ಕೊಡಿಸುತ್ತದೆ.

ಮಕ್ಕಳಿಗೆ ಇವನ್ನೆಲ್ಲ ತೋರಿಸುವುದು ಬೇಡವೇ? ತೋರಿಸಬೇಕು. ಮೀರ್ ಆಲಂ ಕೆರೆಯ ಪಕ್ಕದ ನೆಹರೂ ಪ್ರಾಣಿಸಂಗ್ರಹಾಲಯಕ್ಕೆ ನಾವು ಮೊಮ್ಮಗನನ್ನು ಕರೆದೊಯ್ದದ್ದು ಅದಕ್ಕೇ. 380 ಎಕರೆಯ ಈ ಜಾಗ 1963ರ ಅಕ್ಟೋಬರ್ 6ರಂದು ಜನರಿಗೆ ತೆರೆಯಿತು. ನಗರದ ಬಾಗ್-ಎ-ಆಮ್ ಉದ್ಯಾನದಲ್ಲಿದ್ದ ಹಳೆಯ ಮೃಗಾಲಯದಿಂದ ಇಲ್ಲಿಗೆ ಬಂದವುಗಳಲ್ಲಿ ಗಲಪಗೋಸ್ ದ್ವೀಪದ ದೈತ್ಯ ಆಮೆಯೂ ಒಂದು. ಚಾಣಕ್ಯ ಎಂದು ಕರೆಯುತ್ತಿದ್ದರು. ಅದು 2024ರ ಮಾರ್ಚಿನಲ್ಲಿ, ಸುಮಾರು 125ರ ವಯಸ್ಸಿನಲ್ಲಿ, ಮುಪ್ಪಿನಿಂದ ಸತ್ತಿತು. ಲೆಕ್ಕ ಹಾಕಿದರೆ ಅದು ಹುಟ್ಟಿದಾಗ ಹೈದರಾಬಾದನ್ನು ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಆಳುತ್ತಿದ್ದರು. ಸತ್ತಾಗ ತೆಲಂಗಾಣ ರಾಜ್ಯಕ್ಕೆ ಹತ್ತು ವರ್ಷ ತುಂಬುವುದರಲ್ಲಿತ್ತು. ಒಂದು ಆಮೆಯ ಆಯುಷ್ಯ ಎಷ್ಟು ಮನುಷ್ಯರ ಕೈ ದಾಟಿ ಹೋಗುತ್ತದೆ ಎಂಬುದನ್ನು ಅಲ್ಲಿ ನಿಂತು ಯೋಚಿಸಿದರೆ ಎದೆ ಭಾರವಾಗುತ್ತದೆ.

ಈ ಊರಿಗೆ ಹಾವಿನ ಋಣವೂ ಇದೆ. ಹಬ್ಸಿಗುಡದ ಸಿಸಿಎಂಬಿ ಸಂಸ್ಥೆಯಲ್ಲಿ ವಿಜ್ಞಾನಿ ಲಾಲ್‌ಜಿ ಸಿಂಗ್ 1988ರಲ್ಲಿ ಭಾರತದ ಡಿಎನ್‌ಎ ಬೆರಳಚ್ಚು ವಿಧಾನವನ್ನು ರೂಪಿಸಿದರು. ಅದರ ಬೀಜ, ಹಳದಿ ಕಪ್ಪು ಪಟ್ಟೆಯ ಕಟ್ಟುಹಾವಿನ ಹೆಣ್ಣಿನಲ್ಲಿ ಅವರು ಮೊದಲು ಗುರುತಿಸಿದ ಡಿಎನ್‌ಎ ತುಣುಕು. ತಂದೆ ಯಾರೆಂಬ ವ್ಯಾಜ್ಯದಿಂದ ರಾಜೀವ್ ಗಾಂಧಿ ಹತ್ಯೆಯ ತನಿಖೆಯವರೆಗೆ ನ್ಯಾಯಾಲಯಕ್ಕೆ ನೆರವಾದ ವಿದ್ಯೆಯ ಬೇರು ಒಂದು ಹಾವಿನಲ್ಲಿತ್ತು. ಅವರೇ ಕಟ್ಟಿದ, ಅತ್ತಾಪುರದ ಲಕೋನ್ಸ್ ಪ್ರಯೋಗಾಲಯ ಇಂದು ಚರ್ಮದ ಚೂರು, ಮಾಂಸದ ತುಣುಕಿನಿಂದಲೇ ಪ್ರಾಣಿ ಯಾವುದೆಂದು ಹೇಳಿ ಕಳ್ಳಬೇಟೆಯ ಮೊಕದ್ದಮೆಗಳಿಗೆ ಸಾಕ್ಷ್ಯ ಒದಗಿಸುತ್ತದೆ.

ಮಲ್ಕಾಜ್‌ಗಿರಿಯ ಅಪಾರ್ಟ್‌ಮೆಂಟೊಂದರ ಪಾರ್ಕಿಂಗಿನಲ್ಲಿ ಆರಡಿಯ ಹಾವು ಸೇರಿಕೊಂಡ ಸಂಜೆ ನಾನು ಅಲ್ಲಿದ್ದೆ. ಕೋಲು ಹಿಡಿದ ಗಂಡಸರು, ಮೆಟ್ಟಿಲ ಮೇಲೆ ನಿಂತ ಹೆಂಗಸರು, ಮೊಬೈಲ್ ಎತ್ತಿದ ಮಕ್ಕಳು. ಬಂದ ಸ್ವಯಂಸೇವಕನಿಗೆ ಇಪ್ಪತ್ತೈದೂ ಆಗಿರಲಿಲ್ಲ. ‘ಕಂಗಾರು ಪಡಕಂಡಿ, ಜೆರ್ರಿಪೋತು’ ಎಂದ. ಗಾಬರಿ ಬೇಡ, ಕೇರೆಹಾವು, ವಿಷವಿಲ್ಲ. ಕೊಕ್ಕೆಯಿಂದ ನಡುವನ್ನು ಮೆಲ್ಲಗೆ ಎತ್ತಿ, ಬಟ್ಟೆಚೀಲದ ಬಾಯನ್ನು ಬಿಲದಂತೆ ತೋರಿಸಿದ. ಕತ್ತಲನ್ನು ಕಂಡ ಹಾವು ತಾನಾಗಿ ಒಳಗೆ ಹರಿಯಿತು. ಹೈದರಾಬಾದಿನ ಫ್ರೆಂಡ್ಸ್ ಆಫ್ ಸ್ನೇಕ್ಸ್ ಸೊಸೈಟಿ 1995ರಿಂದ ಹಿಡಿದ ಹಾವನ್ನು ಕಾಡಿಗೆ ಸೇರಿಸುವ ಈ ಕೆಲಸದಲ್ಲಿದೆ. ನಾಗರಪಂಚಮಿಯಂದು ಹಾವಾಡಿಗರ ಬುಟ್ಟಿಗಳಿಂದ ಹಾವುಗಳನ್ನು ಬಿಡಿಸಲೂ ಇವರು ಅರಣ್ಯ ಸಿಬ್ಬಂದಿಯ ಜೊತೆ ಬೀದಿಗಿಳಿಯುತ್ತಾರೆ. ಹಲ್ಲು ಕಿತ್ತ, ಬಾಯಿ ಹೊಲಿದ, ದಿನಗಟ್ಟಲೆ ನೀರು ಕಾಣದ ನಾಗರಗಳವು. ಬಾಯಾರಿ ಹಾಲಿಗೆ ಬಾಯಿ ಹಾಕಿದ್ದನ್ನೇ ನಾವು ದೇವರು ಹಾಲು ಕುಡಿದನೆಂದು ಕಣ್ಣಿಗೊತ್ತಿಕೊಂಡಿದ್ದೇವೆ. ಹಾವಿನ ಹೊಟ್ಟೆಗೆ ಹಾಲು ಅರಗುವುದಿಲ್ಲ.

ಕಪ್ಪೆಗಳದು ಇನ್ನೂ ಸೂಕ್ಷ್ಮ. ತೆಲಂಗಾಣದ ಹಳ್ಳಿಗಳಲ್ಲಿ ಮಳೆ ತಡವಾದರೆ ಮಕ್ಕಳು ಒನಕೆಗೆ ಕಪ್ಪೆ ಕಟ್ಟಿ, ಬೇವಿನ ಸೊಪ್ಪು ಹೊದಿಸಿ, ‘ಕಪ್ಪತಲ್ಲಿ’ ಎಂದು ಮನೆಮನೆಗೆ ಹೋಗಿ ನೀರು ಸುರಿಸಿಕೊಳ್ಳುವುದುಂಟು. ನಮ್ಮಲ್ಲಿ ಕಪ್ಪೆ ಮದುವೆ ಮಾಡಿಸುವಂತೆ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ತೊಗಲಿನಿಂದ ಹೀರುತ್ತದೆ. ನಮ್ಮ ಅಂಗೈಯ ಉಪ್ಪು, ನಲ್ಲಿ ನೀರಿನ ಕ್ಲೋರಿನ್ ಕೂಡ ಅದೇ ತೊಗಲಿನಿಂದ ಒಳಗಿಳಿಯುತ್ತದೆ. ಆ ತೊಗಲಿಗೇ ಹತ್ತುವ ಕೈಟ್ರಿಡ್ ಎಂಬ ಶಿಲೀಂಧ್ರ, ಕಪ್ಪೆಗಳ ವ್ಯಾಪಾರದ ಜೊತೆ ಖಂಡದಿಂದ ಖಂಡಕ್ಕೆ ಹರಡಿತು. 2019ರಲ್ಲಿ ವಿಜ್ಞಾನಿಗಳು ಕೊಟ್ಟ ಲೆಕ್ಕದ ಪ್ರಕಾರ ಅದರಿಂದ 501 ಜಾತಿಯ ಉಭಯಜೀವಿಗಳು ಕುಸಿದಿವೆ, 90 ಜಾತಿಗಳು ಅಳಿದೇಹೋಗಿವೆ. ದಕ್ಷಿಣ ಅಮೆರಿಕದ ಕೊಂಬಿನ ಕಪ್ಪೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಅದರ ನೀರನ್ನು ಚರಂಡಿಗೆ ಚೆಲ್ಲುವ ಮುನ್ನ ಈ ಸಂಖ್ಯೆ ನೆನಪಿರಬೇಕು.

ಕಳೆದ ಜುಲೈನಲ್ಲಿ ಅತ್ತೆಯ ಮನೆಯಲ್ಲಿದ್ದಾಗ ರಾತ್ರಿ ದೊಡ್ಡ ಮಳೆ. ಕರೆಂಟು ಹೋಯಿತು. ಹಿಂದಿನ ಖಾಲಿ ಸೈಟಿನಲ್ಲಿ ನಿಂತ ನೀರಿನಿಂದ ಕಪ್ಪೆಗಳ ದನಿ ಎದ್ದಿತು. ಮೊದಲು ಒಂದು, ಆಮೇಲೆ ಹತ್ತು, ಕೊನೆಗೆ ಕತ್ತಲೆಲ್ಲ ಅದೇ. ಟಾರ್ಚು ಬಿಟ್ಟರೆ, ಮಳೆಗಾಲಕ್ಕೆ ನಿಂಬೆಹಳದಿ ಬಣ್ಣ ತಾಳಿದ ಗಂಡು ಗೋಂಕುರುಕಪ್ಪೆಗಳು, ಗಂಟಲ ಎರಡೂ ಪಕ್ಕ ನೀಲಿ ಗುಳ್ಳೆ ಉಬ್ಬಿಸಿ ಕೂಗುತ್ತಿದ್ದವು. ಮೊಮ್ಮಗ ಅತ್ತೆಯ ಸೆರಗು ಹಿಡಿದು ನೋಡುತ್ತಿದ್ದ. ಹಿಡಿದು ತರೋಣವೇ ಎಂದು ಕೇಳಲಿಲ್ಲ. ‘ಅಜ್ಜಿ, ಅವಕ್ಕ ಇಲ್ಲೇ ಮನಿ ಐತಲ್ಲ’ ಎಂದ.

ಅತ್ತೆಗೆ ಈಗ 68. ಆಮೆಗೆ ಆರು. ಚೆನ್ನಾಗಿ ನೋಡಿಕೊಂಡರೆ ಅದು ಇನ್ನೂ ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ‘ನಾ ಹೋದ ಮ್ಯಾಲ ಇದನ್ನ ಬಿಸಿಲಿಗೆ ಇಡೋರು ಯಾರಪ್ಪಾ?’ ಎಂದು ಒಮ್ಮೆ ಕೇಳಿದರು. ಮೊಮ್ಮಗ ತಾನಿದ್ದೇನೆಂದ. ಹನ್ನೆರಡರ ಹುಡುಗನ ಮಾತನ್ನು ನಾನು ನಂಬುತ್ತೇನೆ, ಅವನ ಜೊತೆಗೆ ನನ್ನ ಮಾತನ್ನೂ ಕೊಟ್ಟಿದ್ದೇನೆ.

ಓದುವ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ನಮ್ಮ ಗುಡ್ಡದ, ನಮ್ಮ ಕೆರೆಯ ಆಮೆ, ಹಾವು, ಕಪ್ಪೆಗಳನ್ನು ಮನೆಗೆ ತರಬೇಡಿ. ಅವುಗಳ ಗುಡ್ಡ, ಕೆರೆ ಉಳಿಸಿದರೆ ಅದೇ ಸಾಕಣೆ. ಅಂಗಡಿಯ ಮರಿಯನ್ನು ಕಂಡು ಮಗು ಹಟ ಹಿಡಿದರೆ, ಮೃಗಾಲಯಕ್ಕೆ ಕರೆದೊಯ್ಯಿರಿ. ಈಗಾಗಲೇ ಮನೆಯಲ್ಲಿದ್ದರೆ ಕೆರೆಗೆ ಬಿಡಬೇಡಿ, ಕೊನೆಯವರೆಗೂ ನೋಡಿಕೊಳ್ಳಿ. ಅವು ಸುಮ್ಮನಿವೆಯೆಂದು ಸುಖವಾಗಿವೆಯೆಂದುಕೊಳ್ಳಬೇಡಿ. ನಾಳೆ ಬೆಳಿಗ್ಗೆ ಆಮೆಯನ್ನು ಗಾಜಿನ ಬೋಗುಣಿಯಿಂದೆತ್ತಿ, ಒಂದು ಕಲ್ಲಿಟ್ಟು, ಪಕ್ಕದಲ್ಲಿ ನೆರಳನ್ನೂ ಬಿಟ್ಟು, ಬಿಸಿಲಿಗೆ ಇಡಿ.